ಬಸ್ಸು, ಎರಡನೇ ಕಾರು, ಹಳದಿ ಮೆಟ್ರೊ: ನಮ್ಮ ಮನೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಗೆ ಒಂದು ಕಾರು ಮತ್ತು ಹಳದಿ ಮಾರ್ಗದ ಮೆಟ್ರೊ ಸಾಕು. ಎರಡನೇ ಕಾರನ್ನು ಕೊಂಡು, ಏಳೇ ತಿಂಗಳಲ್ಲಿ 40 ಸಾವಿರ ರೂಪಾಯಿ ನಷ್ಟಕ್ಕೆ ಮಾರಿದ ಮೇಲೆ ಬರೆಯುತ್ತಿರುವ ಹೋಲಿಕೆಯಿದು.

ನಮ್ಮ ವಾಸ ಪದ್ಮನಾಭನಗರದಲ್ಲಿ. ನನ್ನ ಕಚೇರಿ ಜಯನಗರದಲ್ಲಿ, ಪತ್ನಿಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ತಂದೆಯವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಇರುವುದರಿಂದ ಕಾರು ನನ್ನ ಬಳಿಯೇ ಉಳಿಯಿತು, ದೂರದ ಪ್ರಯಾಣ ಆಕೆಯ ಪಾಲಿಗೆ ಬಂತು. ಇದನ್ನು ಯಾರೂ ಕುಳಿತು ನಿರ್ಧರಿಸಿದ್ದಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಆಕೆಗೆ ಖರ್ಚೇ ಇರಲಿಲ್ಲ. ಹಾಗಾಗಿ ನಾನು ಆ ವಿಷಯವನ್ನೇ ಮರೆತಿದ್ದೆ. ಕುಳಿತುಕೊಳ್ಳಲು ಜಾಗ ಸಿಗಲೆಂದು ಆಕೆ ಆರೂವರೆಗೇ ಮನೆ ಬಿಡುತ್ತಿದ್ದಳು, ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಎಂಟೂವರೆಯಾಗುತ್ತಿತ್ತು. ಸ್ಕೂಟರ್ ಆಕೆಯ ಬೆನ್ನುನೋವಿಗೆ ಆಗಿಬರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಹತ್ತು ವರ್ಷ ಹಳೆಯದಾದ ಒಂದು ಸಣ್ಣ ಕಾರನ್ನು ಆಕೆಗಾಗಿಯೇ ಕೊಂಡೆವು. ಪೆಟ್ರೋಲ್, ವಿಮೆ, ಎತ್ತರಿಸಿದ ರಸ್ತೆಯ ಟೋಲ್ ಎಲ್ಲವನ್ನೂ ಲೆಕ್ಕ ಹಾಕಿದ್ದೆವು. ಲೆಕ್ಕಕ್ಕೆ ಬಾರದೆ ಹೋದದ್ದು ನಮ್ಮ ಮನೆಯ ಪಕ್ಕದ ಓಣಿ. ಅಲ್ಲಿ ಒಂದರ ಹಿಂದೊಂದಾಗಿ ಮಾತ್ರ ಎರಡು ಕಾರು ನಿಲ್ಲುತ್ತವೆ. ಸಂಜೆ ಮೊದಲು ಬರುವ ನನ್ನ ಕಾರು ಒಳಗೆ, ಆಮೇಲೆ ಬರುವ ಆಕೆಯದು ಗೇಟಿನ ಬಳಿ. ಬೆಳಗ್ಗೆ ಆರಕ್ಕೆ ಆಸ್ಪತ್ರೆಗೆ ಹೊರಡಬೇಕಾದದ್ದು ಒಳಗಿರುವ ಕಾರು, ಏಕೆಂದರೆ ಅಪ್ಪನ ಗಾಲಿಕುರ್ಚಿ ಹಿಡಿಸುವುದು ಅದರ ಡಿಕ್ಕಿಯಲ್ಲಿ ಮಾತ್ರ.

ನಾನು ಅಪ್ಪನನ್ನು ಮೆಟ್ಟಿಲಿಳಿಸುವ ಹೊತ್ತಿಗೆ ಪತ್ನಿ ಐದೂವರೆಗೆ ಎದ್ದು ತನ್ನ ಕಾರನ್ನು ರಸ್ತೆಗಿಳಿಸಿ, ನಾವು ಹೋದ ಮೇಲೆ ಮತ್ತೆ ಒಳಗೆ ತರಬೇಕಿತ್ತು. ರಾತ್ರಿಯಿಡೀ ರಸ್ತೆಯಲ್ಲೇ ಬಿಡೋಣವೆಂದರೆ ಎದುರುಮನೆಯ ಗೇಟು ಅಡ್ಡ. ರಾತ್ರಿ ಹತ್ತು ಗಂಟೆಗೆ ಎರಡೂ ಕಾರುಗಳನ್ನು ಹೊರತಂದು ಅದಲುಬದಲು ಮಾಡುವ ಪ್ರಯೋಗವನ್ನೂ ಮಾಡಿದೆವು. ಮಳೆಗಾಲ ಶುರುವಾದ ಮೊದಲ ವಾರದಲ್ಲೇ ಅದು ನಿಂತುಹೋಯಿತು. ಆಕೆಗೆ ಅನುಕೂಲವಾಗಲೆಂದು ತಂದ ಕಾರು ಆಕೆಯನ್ನು ರಜೆಯಿರುವ ಶನಿವಾರವೂ ಬೇಗ ಎಬ್ಬಿಸುತ್ತಿತ್ತು. "ಬಸ್ಸೇ ವಾಸಿಯಾಗಿತ್ತು ಕಣ್ರೀ, ಅಲ್ಲಿ ನಿದ್ದೆಯಾದರೂ ಬರುತ್ತಿತ್ತು" ಎಂದು ಆಕೆ ಹೇಳಿದ ದಿನವೇ ಕಾರನ್ನು ಮಾರಾಟಕ್ಕಿಟ್ಟೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಉದ್ದದ ಹಳದಿ ಮಾರ್ಗ ಆರಂಭವಾಯಿತು. ಈಗ ಎಂಟು ಗಂಟೆಗೆ ನಾನು ಆಕೆಯನ್ನು ಆರ್.ವಿ. ರಸ್ತೆ ನಿಲ್ದಾಣಕ್ಕೆ ಬಿಟ್ಟು ಕಚೇರಿಗೆ ಹೋಗುತ್ತೇನೆ. ಡಯಾಲಿಸಿಸ್ ದಿನಗಳಲ್ಲಿ ಅಪ್ಪನನ್ನು ಆಸ್ಪತ್ರೆಯಲ್ಲಿ ಬಿಟ್ಟು ಮನೆಗೆ ಮರಳಿದ ಮೇಲೂ ಆಕೆಯನ್ನು ಬಿಡಲು ಸಮಯವಿರುತ್ತದೆ. ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣದಲ್ಲಿ ಇಳಿದರೆ ಆಕೆಯ ಕಚೇರಿಗೆ 12 ನಿಮಿಷದ ನಡಿಗೆ. ಆರಂಭದಲ್ಲಿ ರೈಲುಗಳ ನಡುವೆ 25 ನಿಮಿಷಗಳ ಅಂತರವಿದ್ದುದರಿಂದ ಒಂದು ತಪ್ಪಿದರೆ ಕಾಯಬೇಕಿತ್ತು. ರೈಲುಗಳು ಹೆಚ್ಚಿದಂತೆ ಅದು ಕಡಿಮೆಯಾಯಿತು. ಸ್ಮಾರ್ಟ್ ಕಾರ್ಡಿನ ರಿಯಾಯಿತಿ ಕಳೆದು ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿಯೊಳಗೇ ಮುಗಿಯುತ್ತದೆ. ಬಸ್ಸಿನ ಸೊನ್ನೆಯ ಮುಂದೆ ಇದು ದುಬಾರಿಯೇ, ಆದರೆ ಆ ಸೊನ್ನೆಯಲ್ಲಿ ಆಕೆಯ ದಿನದ ಎರಡು ಗಂಟೆಗಳನ್ನು ನಾನು ಸೇರಿಸಿರಲಿಲ್ಲ.

ರಾತ್ರಿ ಪಾಳಿಯಿರುವವರಿಗೆ, ಕಚೇರಿ ನಿಲ್ದಾಣದಿಂದ ದೂರವಿರುವವರಿಗೆ ನನ್ನ ತೀರ್ಪು ಒಪ್ಪದು. ಎರಡು ಕಾರು ಅಕ್ಕಪಕ್ಕ ನಿಲ್ಲುವಷ್ಟು ಅಗಲದ ಜಾಗ ನಮಗಿದ್ದಿದ್ದರೆ ನಾನೂ ಬಹುಶಃ ಹಳೆಯ ಕಾರನ್ನೇ ಉಳಿಸಿಕೊಳ್ಳುತ್ತಿದ್ದೆ. ಸದ್ಯಕ್ಕೆ ಉಳಿದಿರುವ ತಕರಾರು ಒಂದೇ: ಶನಿವಾರ ಮಧ್ಯಾಹ್ನ ಕಾರು ಆಕೆಯದು, ಭಾನುವಾರ ನಾನು ಕುಳಿತಾಗ ಮೊಣಕಾಲು ಸ್ಟಿಯರಿಂಗ್‌ಗೆ ತಗಲುತ್ತದೆ.