ಊನೋ ಎಲೆಯೋ, ಚೌಕಾಬಾರದ ಬೀಜವೋ: ಕಾವೇರಿ ದಡದ ಟೆಂಟಿನಲ್ಲಿ ಮಕ್ಕಳ ಆಟಗಳು

ಗಾಳಿಬೋರೆ, ಭೀಮೇಶ್ವರಿ ಕಡೆ ಕಾವೇರಿ ದಡದ ಟೆಂಟುಗಳಲ್ಲಿ ಮಕ್ಕಳೊಂದಿಗೆ ಉಳಿಯುವವರಿಗೆ ಒಂದು ಸಂಗತಿ ಮೊದಲ ದಿನವೇ ಗೊತ್ತಾಗುತ್ತದೆ. ಹೊಳೆ ಕಣ್ಣೆದುರಿಗೇ ಹರಿಯುತ್ತಿದ್ದರೂ ಮಕ್ಕಳನ್ನು ನೀರಿಗೆ ಬಿಡುವಂತಿಲ್ಲ. ಸುಳಿಯೂ ಇದೆ, ಮೊಸಳೆಯೂ ಇದೆ. ಸುತ್ತ ವನ್ಯಧಾಮವಾದ್ದರಿಂದ ಕತ್ತಲಾದ ಮೇಲೆ ಅಲೆದಾಟ, ಗದ್ದಲ ಎರಡೂ ಸಲ್ಲದು. ಬೆಳಗಿನ ನಡಿಗೆ, ಹರಿಗೋಲಿನ ಸುತ್ತು ಮುಗಿದರೆ ಊಟದ ನಂತರದಿಂದ ಮಲಗುವ ತನಕ ಉಳಿಯುವ ಹೊತ್ತು ಬಹಳ ಉದ್ದ.

ನಮ್ಮ ಗುಂಪಿನಲ್ಲಿ ನನ್ನಿಬ್ಬರು ಮಕ್ಕಳು, ಅಕ್ಕನ ಇಬ್ಬರು. 5 ವರ್ಷದವನಿಂದ 12 ವರ್ಷದವಳವರೆಗೆ. ಊರಿಂದ ಹೊತ್ತೊಯ್ದ ಆಟಗಳನ್ನೂ ಅಲ್ಲೇ ನೆಲದ ಮೇಲೆ ಹುಟ್ಟಿಕೊಂಡ ಆಟಗಳನ್ನೂ ಎದುರುಬದುರು ಇಟ್ಟು ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸಾಮಾನನ್ನು ಮಕ್ಕಳೇ ಹುಡುಕಿ ತರಬೇಕಾದ ಆಟ, ಡಬ್ಬಿ ತೆರೆದ ಕೂಡಲೇ ಶುರುವಾಗುವ ಆಟಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಇದಕ್ಕೆ ಹೊರತಾದದ್ದೂ ಉಂಟು, ಮುಂದೆ ಬರುತ್ತದೆ.

ಊನೋ ಮತ್ತು ಚೌಕಾಬಾರ

ಇಸ್ಪೀಟಿನಂಥ ಬಣ್ಣದ ಎಲೆಗಳ ಆಟ ಊನೋ. ಅದರ ಅನುಕೂಲ ಒಂದೆರಡಲ್ಲ. ಜೇಬಿನಲ್ಲಿ ಹಿಡಿಯುತ್ತದೆ, ಓದು ಬಾರದ ಮಗುವೂ ಬಣ್ಣ ನೋಡಿ ಎಲೆ ಹಾಕುತ್ತದೆ. ಕಾರಿನಲ್ಲಿ, ಊಟಕ್ಕೆ ಕಾಯುವಾಗ, ಮಳೆ ಬಂದು ಟೆಂಟಿನೊಳಗೆ ಕೂತಾಗ ಇದಕ್ಕೆ ಸಾಟಿಯಿಲ್ಲ. ಆದರೆ ಹೊಳೆ ದಡದಲ್ಲಿ ಮಧ್ಯಾಹ್ನದ ಗಾಳಿ ಎದ್ದರೆ ಆಟಕ್ಕಿಂತ ಎಲೆ ಆಯುವುದೇ ಹೆಚ್ಚು. ಸಂಜೆ ಲಾಟೀನಿನ ಹಳದಿ ಬೆಳಕಿನಲ್ಲಿ ನೀಲಿ ಯಾವುದು, ಹಸಿರು ಯಾವುದು ಎಂದು ಜಗಳ ಶುರುವಾಗುತ್ತದೆ.

ಚೌಕಾಬಾರಕ್ಕೆ ಬೇಕಾದದ್ದು ಒಂದು ಕಡ್ಡಿ, ನಾಲ್ಕು ಹುಣಸೆಬೀಜ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನೆಲದ ಮೇಲೆ ಐದೈದು ಮನೆ ಗೀಚಿ, ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೀಟು ಎಳೆದರೆ ಮಣೆ ಸಿದ್ಧ. ನಿಜವಾದ ಮಜಾ ಬೀಜ ತಯಾರಿಸುವುದರಲ್ಲಿದೆ. ಪ್ರತಿ ಬೀಜದ ಒಂದು ಮಗ್ಗುಲನ್ನು ಬಂಡೆಗೆ ಉಜ್ಜಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುವ ತನಕ. ಉಜ್ಜುತ್ತಾ ಉಜ್ಜುತ್ತಾ ಬೀಜ ಬಿಸಿಯಾಗುತ್ತದೆ. ಅದನ್ನು ಪಕ್ಕದವರ ತೋಳಿಗೆ ಚುರುಕ್ಕೆಂದು ಮುಟ್ಟಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಕ್ಕನ ಮಗಳು ಬೀಜ ಉಜ್ಜುತ್ತಿದ್ದರೆ ಉಳಿದವರು ಕಾಯಿಗೆಂದು ಬೆಣಚುಕಲ್ಲು, ಒಣಗಿದ ಹೊಳೆಮತ್ತಿ ಕಾಯಿ, ಮುರಿದ ಕಪ್ಪೆಚಿಪ್ಪು ಆಯ್ದುಕೊಂಡು ಬಂದರು. ಆಟ ಶುರುವಾಗುವ ಮೊದಲೇ ಒಂದು ಗಂಟೆ ಸರಿದಿತ್ತು.

ಬಿಳಿ ಮೇಲಾದಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಮತ್ತೊಂದು ಸಲ ಹಾಕಬಹುದು. ನಮ್ಮ ಮನೆಯ ನಿಯಮದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ಒಂದು ನಿಯಮದಿಂದಲೇ ಆಟ ಬಿಸಿಯೇರುತ್ತದೆ. ಊನೋದಲ್ಲಿ ಸೋತವನು ಮುಂದಿನ ಸುತ್ತಿಗೆ ಬರುತ್ತಾನೆ. ಚೌಕಾಬಾರದಲ್ಲಿ ನಟ್ಟನಡುವಿನ ಮನೆ ಸೇರಿ ಹಣ್ಣಾಗಲು ಇನ್ನೊಂದೇ ಮನೆ ಇದ್ದ ಕಾಯಿ ಸತ್ತು ಮೊದಲಿನಿಂದ ಹೊರಡಬೇಕು. 5 ವರ್ಷದವನಿಗೆ ಇದು ಅಳುವಷ್ಟು ಕಷ್ಟ. ಅವನನ್ನು ಒಬ್ಬ ದೊಡ್ಡವರ ಜೊತೆ ಜೋಡಿ ಮಾಡಿ, ಬೀಜ ಹಾಕುವ ಕೆಲಸ ಅವನಿಗೇ ಬಿಡಿ. 8 ದಾಟಿದವರಿಗೆ ಚೌಕಾಬಾರವೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ.

ನೆಲದಲ್ಲೇ ಏಳೇಳರ ಎರಡು ಸಾಲು ಕುಳಿ ತೋಡಿ ಅಳಿಗುಳಿ ಮಣೆಯೂ ಆಡಬಹುದು. ಆದರೆ ಬೀಜವೆಂದು ಗುಲಗಂಜಿ ಆಯಲು ಬಿಡಬೇಡಿ. ಕೆಂಪು ಕಂಡು ಮಕ್ಕಳಿಗೆ ಅದರ ಮೇಲೇ ಕಣ್ಣು, ಆದರೆ ಜಗಿದರೆ ಅದು ಘೋರ ವಿಷ.

ಬೈನಾಕ್ಯುಲರ್ ಮತ್ತು ಭೂತಕನ್ನಡಿ

ಇಲ್ಲಿ ಗೆಲುವು ವಯಸ್ಸಿನ ಮೇಲೆ. ಬೈನಾಕ್ಯುಲರ್‌ನ ಎರಡು ಕಣ್ಣು ಹೊಂದಿಸಿ, ಗುಂಡಿ ತಿರುಗಿಸಿ ಸ್ಪಷ್ಟ ಮಾಡುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಸಣ್ಣವನಿಗೆ ಕಂಡದ್ದು ತನ್ನ ರೆಪ್ಪೆಯ ಕಪ್ಪು ಮಾತ್ರ. 12 ವರ್ಷದವಳಿಗೆ ಅದೇ ಸಾಧನ ಇಡೀ ಬೆಳಗು ಸಾಕಾಯಿತು. ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆಕೆಳಗಾಗಿ ನೆಟ್ಟಗೆ ಬೀಳುವುದನ್ನು ಒಮ್ಮೆ ನೋಡಿದ ಮೇಲೆ ಅವಳು ಹೊಳೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ದಡದ ಮರಗಳ ನೆತ್ತಿಯಲ್ಲಿ ಬೂದುಬಣ್ಣದ ದೊಡ್ಡ ಅಳಿಲನ್ನು ಹುಡುಕಲೂ ಬೈನಾಕ್ಯುಲರ್ ಬೇಕೇ ಬೇಕು. ಡಬ್ಬಿ ತೆರೆದು ಹೊರತೆಗೆದ ವಸ್ತುವೇ ಗೆದ್ದದ್ದು ಇಲ್ಲಿ.

ಸಣ್ಣವರಿಗೆ ಅಗ್ಗದ ಭೂತಕನ್ನಡಿ ಕೊಡಿ, ಗುಬ್ಬಚ್ಚಿ ಹುಳದ ಕುಳಿ ತೋರಿಸಿ. ಬಂಡೆಯ ಮರೆಯಲ್ಲಿ, ಮರದ ಬುಡದ ಒಣ ನುಣುಪು ಮಣ್ಣಿನಲ್ಲಿ ಆಲಿಕೆಯಾಕಾರದ ಪುಟ್ಟ ಕುಳಿಗಳು ಸಾಲಾಗಿರುತ್ತವೆ. ಹುಳ ತಳದಲ್ಲಿ ಮಣ್ಣಿನಡಿ ಅಡಗಿ ಕೂತಿರುತ್ತದೆ. ಇರುವೆ ಅಂಚಿಗೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಮೇಲೆ ಹತ್ತಲು ನೋಡಿದರೆ ಕೆಳಗಿನಿಂದ ಹುಳ ತಲೆಯಲ್ಲೇ ಮಣ್ಣು ಚಿಮ್ಮಿಸಿ ಬೀಳಿಸುತ್ತದೆ. ಹುಲ್ಲುಕಡ್ಡಿಯಿಂದ ಅಂಚನ್ನು ಮೆಲ್ಲಗೆ ಕೆದಕಿದರೂ ಸಾಕು, "ಅಮ್ಮಾ, ಮಣ್ಣು ಎಸೀತಿದೆ ನೋಡು!" ಎಂಬ ಕೂಗು ಕೇಳುತ್ತದೆ. ಹುಳವನ್ನು ಅಂಗೈ ಮೇಲಿಟ್ಟರೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ. ಮುಂದೆ ಇದಕ್ಕೆ ಏರೋಪ್ಲೇನ್ ಚಿಟ್ಟೆಯಂಥ ರೆಕ್ಕೆ ಬರುತ್ತದೆ ಎಂದಾಗ ನನ್ನ ಮಗ ನಂಬಲಿಲ್ಲ, ಆದರೆ ಕುಳಿ ಬಿಟ್ಟು ಏಳಲೂ ಇಲ್ಲ. ಒಂದು ಎಚ್ಚರಿಕೆ: ಒಣಹುಲ್ಲಿನ ಹತ್ತಿರ ಬಿಸಿಲಿಗೆ ಭೂತಕನ್ನಡಿ ಹಿಡಿಯಬಾರದು, ಕಾಡು ಹತ್ತಿಕೊಳ್ಳಲು ಅಷ್ಟು ಸಾಕು.

ಷಟಲ್ ಮತ್ತು ಲಗೋರಿ

ಗಾಳಿಯಲ್ಲಿ ಷಟಲ್ ಆಟವೇ ಅಲ್ಲ, ಅದೂ ಎರಡೇ ಬ್ಯಾಟಿದ್ದರೆ ಇಬ್ಬರಿಗೆ ಮಾತ್ರ. ಲಗೋರಿಗೆ ಒಂದು ಚೆಂಡು ಒಯ್ದರೆ ಮುಗಿಯಿತು. ಚಪ್ಪಟೆ ಕಲ್ಲುಗಳನ್ನು ಮಕ್ಕಳು ಬರಿಗೈಯಲ್ಲಿ ಎತ್ತುವ ಮೊದಲು ದೊಡ್ಡವರು ಕೋಲಿನಿಂದ ಮಗುಚಿ ನೋಡಬೇಕು. ಅಡಿಯಲ್ಲಿ ಚೇಳಿರುವುದು ಅಪರೂಪವಲ್ಲ.

ರಾತ್ರಿಗೆ: ಟ್ಯಾಬ್, ಆಪ್, ಟಾರ್ಚು

ಟ್ಯಾಬ್ ಬಗ್ಗೆ ನನಗೆ ದ್ವೇಷವಿಲ್ಲ, ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಅದು ಉಪಕಾರಿಯೇ. ಟೆಂಟಿನಲ್ಲಿ ಮಾತ್ರ ಬೇಡ. ಕತ್ತಲಲ್ಲಿ ಆ ಬೆಳಕೊಂದೇ ಇರುವುದರಿಂದ ಹುಳಹುಪ್ಪಟೆಯೆಲ್ಲ ಮಗುವಿನ ಮುಖಕ್ಕೇ ಬರುತ್ತವೆ.

ನಕ್ಷತ್ರ ತೋರಿಸುವ ಆಪ್ ಅನ್ನೂ ಬರಿಗಣ್ಣನ್ನೂ ಹೋಲಿಸಿ ನೋಡಿದೆವು. ಆಪ್ ಹೆಸರನ್ನು ಥಟ್ಟನೆ ಹೇಳುತ್ತದೆ, ಆದರೆ ಪರದೆ ನೋಡಿದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಸುಮಾರು 20 ನಿಮಿಷ ಬೇಕು. ಡಿಸೆಂಬರ್ ಕೊನೆಯಲ್ಲಿ ರಾತ್ರಿ 8ರ ಹೊತ್ತಿಗೆ ಪೂರ್ವಕ್ಕೆ ಮುಖಮಾಡಿ ಕೂತರೆ ಮಹಾವ್ಯಾಧನ ಸೊಂಟದ ಮೂರು ಚುಕ್ಕಿಗಳನ್ನು ಯಾವ ಮಗುವೂ ಹಿಡಿಯುತ್ತದೆ. ಆ ಗೆರೆಯನ್ನೇ ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆಯ ಗೊಂಚಲು. ಕೆಳಕ್ಕೆ ಎಳೆದರೆ ಹೊಳೆಹೊಳೆಯುವ ಲುಬ್ಧಕ. ಕೃತ್ತಿಕೆಯಲ್ಲಿ ನಿನಗೆಷ್ಟು ಕಂಡವು ಎಂಬ ಪಂದ್ಯ ಕಟ್ಟಿ. ಬಹಳಷ್ಟು ಜನರಿಗೆ ಆರು ಕಾಣುತ್ತವೆ. ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಆರಿಸಿಕೊಂಡರೆ ಒಳ್ಳೆಯದು.

ಮೋಡ ಕವಿದರೆ ಟಾರ್ಚು. ಒಬ್ಬರು ಟೆಂಟಿನೊಳಗೆ ಟಾರ್ಚು ಹಚ್ಚಿ ಬಟ್ಟೆಯ ಗೋಡೆಯ ಮೇಲೆ ಕೈನೆರಳು ಮೂಡಿಸಬೇಕು, ಉಳಿದವರು ಹೊರಗೆ ಬಾಗಿಲಲ್ಲೇ ಚಾಪೆ ಹಾಸಿ ಕೂತು ಕತೆ ಮುಂದುವರಿಸಬೇಕು. ಮೊಲ ಬಂದರೆ ಮೊಲದ ಕತೆ, ಅದರ ಹಿಂದೆಯೇ ಹಾವು ಬಂದರೆ ಕತೆ ಅತ್ತ ತಿರುಗಬೇಕು. ಪಿಸುಮಾತಿನಲ್ಲೇ ನಡೆಯುವ ಆಟವಾದ್ದರಿಂದ ಕಾಡಿನ ಶಿಸ್ತಿಗೂ ಒಗ್ಗುತ್ತದೆ. 5 ವರ್ಷದವನೂ 12 ವರ್ಷದವಳೂ ಸರಿಸಮವಾಗಿ ಆಡಿದ್ದು ಇದೊಂದನ್ನೇ. ಸರದಿಗಾಗಿ ಕಿತ್ತಾಡುತ್ತಾರೆ, ಹಾಗಾಗಿ ಎರಡು ಟಾರ್ಚು ಒಯ್ಯಿರಿ. ಬದಲಿ ಸೆಲ್ಲನ್ನೂ ಮರೆಯಬೇಡಿ.