ನಾಲ್ಕು ವರ್ಷ ತಿಂದ ಪುಡಿಗಳ ಲೆಕ್ಕ: ವೇ, ಕ್ರಿಯೇಟಿನ್ ಮತ್ತು ಒಂದು ನೋಟ್‌ಬುಕ್

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹನ್ನೊಂದು ಪ್ರೋಟೀನ್ ಡಬ್ಬಗಳಿವೆ. ಒಳಗಿರುವುದು ರಾಗಿಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು. ನನ್ನ ಜಿಮ್ ಖರ್ಚಿನಲ್ಲಿ ಅಮ್ಮನಿಗೆ ಇಷ್ಟವಾಗಿರುವುದು ಈ ಡಬ್ಬಗಳೊಂದೇ. ಮುಚ್ಚಳ ಭದ್ರವಂತೆ, ಇರುವೆ ಹೋಗಲ್ಲವಂತೆ.

ನಾನಿರುವುದು ಮೈಸೂರಿನಲ್ಲಿ, ವಯಸ್ಸು 38, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮಾಂಸ ಇಲ್ಲ, ಮೊಟ್ಟೆಯೂ ಇಲ್ಲ. 2021ರ ಆಗಸ್ಟ್‌ನಲ್ಲಿ ಜಿಮ್ ಸೇರಿದಾಗ 171 ಸೆಂಟಿಮೀಟರ್ ಎತ್ತರಕ್ಕೆ 61 ಕೆಜಿ ತೂಗುತ್ತಿದ್ದೆ. ಕಡ್ಡಿಯಂಥ ಕೈ, ಅದಕ್ಕೆ ಒಪ್ಪದ ಹೊಟ್ಟೆ. ಈಗ 70 ಕೆಜಿ ಇದ್ದೇನೆ, ಪ್ಯಾಂಟಿನ ಸೊಂಟ ಒಂದು ಇಂಚು ಕಡಿಮೆಯಾಗಿದೆ. ಇಷ್ಟಕ್ಕೆ ನಾಲ್ಕು ವರ್ಷ ಹಿಡಿಯಿತು. ಹನ್ನೆರಡು ವಾರದಲ್ಲಿ ಇದು ಆಗುತ್ತದೆ ಎನ್ನುವವರ ಫೋಟೋ ನಾನೂ ನೋಡಿದ್ದೇನೆ, ಬಿಡಿ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನಾಲ್ಕು ಕಂಪನಿಯದು ತಿಂದೆ, ಒಂದೇ ಬಗೆಯ ಪುಡಿಯಲ್ಲಿ ನನಗೆ ತಿಳಿದ ವ್ಯತ್ಯಾಸ ರುಚಿಯದಷ್ಟೇ.

ಸೇರಿದ ಎರಡನೇ ದಿನವೇ ಟ್ರೈನರ್ ಒಂದು ಚೀಟಿ ಕೊಟ್ಟ: ಮಾಸ್ ಗೇನರ್, ಬಿಸಿಎಎ, ಪ್ರೀ ವರ್ಕೌಟ್, ಜೊತೆಗೆ ನೆಗ್ಗಿಲು ಮುಳ್ಳಿನ ಸಾರ ಇರುವ ‘ಟೆಸ್ಟೋ’ ಮಾತ್ರೆ. ಅಂಗಡಿಯ ವಿಳಾಸವನ್ನೂ ಅವನೇ ಬರೆದಿದ್ದ. ಮೊದಲ ಏಳು ತಿಂಗಳಲ್ಲಿ ಇವಕ್ಕೆ ಸುರಿದದ್ದು ಹದಿನಾರು ಸಾವಿರದ ಚಿಲ್ಲರೆ.

ಮಾಸ್ ಗೇನರ್ ಎಂದರೆ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಸಕ್ಕರೆಯಾಗುವ ಪಿಷ್ಟ. ಮಾಸ್ ಬಂತು, ಹೊಟ್ಟೆಗೆ ಮಾತ್ರ. ಅದರ ಬದಲು ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಜಾಸ್ತಿ ತೆಗೆದುಕೊಂಡಿದ್ದರೆ ಸಾಕಿತ್ತು. ಬಿಸಿಎಎಯಲ್ಲಿರುವ ಮೂರು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ತುಣುಕುಗಳು, ಹಾಲು, ಬೇಳೆ, ಹಾಲಿನಿಂದಲೇ ತೆಗೆಯುವ ವೇ ಪುಡಿ ಎಲ್ಲದರಲ್ಲೂ ಇವೆ. ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದವರಿಗೆ ಅದು ಬಣ್ಣದ ಹುಳಿನೀರು. ಕಸರತ್ತಿಗೆ ಮುಂಚೆ ಕುಡಿಯುವ ಪ್ರೀ ವರ್ಕೌಟ್ ಕುಡಿದ ದಿನ ಮುಖ, ಕಿವಿಯ ತುದಿಯಲ್ಲೆಲ್ಲ ಇರುವೆ ಹರಿದಂತಾಗಿ ಗಾಬರಿಯಾಗಿದ್ದೆ. ಅದು ಅದರಲ್ಲಿರುವ ಬೀಟಾ ಅಲನೈನ್ ಎಂಬ ಅಂಶ ಮಾಡುವ ಕೆಲಸ, ಅಪಾಯವೇನಿಲ್ಲ. ಉಳಿದ ಹುರುಪೆಲ್ಲ ಕೆಫೀನ್‌ನದು, ಅದಕ್ಕೆ ನಮ್ಮನೆಯ ಫಿಲ್ಟರ್ ಕಾಫಿಯೇ ಇದೆ. ನೆಗ್ಗಿಲಿನ ಮಾತ್ರೆಯ ವಿಷಯ ಕೇಳಬೇಡಿ. ಕಸರತ್ತು ಮಾಡುವ ಗಂಡಸರ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದು ಟೆಸ್ಟೋಸ್ಟಿರಾನ್ ಏರಿಸಿಲ್ಲ. ನನ್ನ ಪರ್ಸನ್ನು ಮಾತ್ರ ಇಳಿಸಿತು.

ಆ ಏಳು ತಿಂಗಳ ತಾಲೀಮೂ ಅಷ್ಟೇ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ. ಟ್ರೈನರ್ ಯಾವ ಮೆಷಿನ್ ತೋರಿಸಿದರೆ ಅದು. ಮೈ ನೋಯುತ್ತಿತ್ತು, ಬೆವರು ಸುರಿಯುತ್ತಿತ್ತು, ತೋಳಿನ ಸುತ್ತಳತೆ ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಬೀದಿಯ ಕೊನೆಗೆ ಒಂದು ಗರಡಿ ಮನೆ ಇದೆ. ಅಲ್ಲಿನ ವಸ್ತಾದ್ ಎಪ್ಪತ್ತು ದಾಟಿದವರು, ವಯಸ್ಸಿನಲ್ಲಿ ದಸರಾ ಕುಸ್ತಿಯ ಅಖಾಡಕ್ಕಿಳಿದವರು. ಒಂದು ಸಂಜೆ ಜಿಮ್ ಬ್ಯಾಗ್ ಹೊತ್ತು ಹೋಗುವಾಗ ಕರೆದು ಕೂರಿಸಿದರು.

“ಏನಪ್ಪಾ, ದಿನಾ ಹೋಗ್ತೀಯ, ಹಂಗೇ ಇದೀಯ?”

“ಮಾಡ್ತಿದೀನಿ ವಸ್ತಾದ್ರೇ, ಯಾಕೋ ಬರ್ತಿಲ್ಲ.”

“ನಿನ್ನೆ ಎಷ್ಟು ಹೊಡ್ದೆ?”

ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಅವರು ಗೋಡೆಯ ಕಡೆ ಕೈ ತೋರಿಸಿದರು. ಸೀಮೆಸುಣ್ಣದ ಗೀಟುಗಳು, ಐದೈದರ ಗುಂಪು, ಹುಡುಗರು ಹೊಡೆದ ಬಸ್ಕಿ, ದಂಡದ ಲೆಕ್ಕ. “ನಿನ್ನೇದು ಗ್ಯಾಪಕ ಇಲ್ದೆ ಇವತ್ತು ಏನ್ ಹೊಡೀತೀಯ?” ಅಂದರು.

ಅವರು ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ. ದಿನಕ್ಕೆ ಇಪ್ಪತ್ತು ಬಾದಾಮಿ ನೆನೆಹಾಕಿ ತಿಂದರೆ ಬೇರೇನೂ ಬೇಡ ಎಂದು ಅವರ ವಾದ. ಇಪ್ಪತ್ತು ಬಾದಾಮಿಯಲ್ಲಿ ಇರುವುದು ಐದು ಗ್ರಾಂನಷ್ಟು ಪ್ರೋಟೀನ್. ಆದರೆ ಆ ಗೀಟುಗಳು ಮನಸ್ಸಿನಲ್ಲಿ ಕೂತವು. ಮರುದಿನ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದೆ. 2022ರ ಮಾರ್ಚ್‌ನಿಂದ ಒಂದು ದಿನವೂ ಬಿಡದೆ ಬರೆದಿದ್ದೇನೆ.

ವಾರಕ್ಕೆ ಮೂರೇ ದಿನ. ಪ್ರತಿ ಸಲ ಇಡೀ ಮೈಗೆ ಕೆಲಸ: ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಹೊಡೆಯುವ ಬಸ್ಕಿ), ಬೆಂಚ್ ಪ್ರೆಸ್, ರೋ ಒಂದು ದಿನ. ಸ್ಕ್ವಾಟ್, ಓವರ್‌ಹೆಡ್ ಪ್ರೆಸ್, ಡೆಡ್‌ಲಿಫ್ಟ್ ಇನ್ನೊಂದು ದಿನ. ಐದು ರೆಪ್‌ನ ಸೆಟ್‌ಗಳು, ಅಂದರೆ ನಿಲ್ಲಿಸದೆ ಐದು ಸಲ ಎತ್ತುವುದು, ಮುಗಿಸಲು ಆದರೆ ಮುಂದಿನ ಸಲ ಎರಡೂವರೆ ಕೆಜಿ ಜಾಸ್ತಿ. ಎರಡು ಸಲ ಸತತ ಆಗದಿದ್ದರೆ ಹತ್ತು ಪರ್ಸೆಂಟ್ ಇಳಿಸಿ ಮತ್ತೆ ಹತ್ತುವುದು. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚಿನ ಹೊರೆ ಸಿಗುತ್ತಿರಬೇಕು, ಅಷ್ಟೇ ತತ್ವ. ಒಂದು ತೊಂದರೆ ಎಂದರೆ ನಮ್ಮ ಜಿಮ್‌ನಲ್ಲಿ ಇದ್ದ ಚಿಕ್ಕ ಪ್ಲೇಟ್ ಎರಡೂವರೆ ಕೆಜಿಯದು, ಎರಡೂ ಕಡೆ ಹಾಕಿದರೆ ಐದಾಗುತ್ತದೆ. ಓವರ್‌ಹೆಡ್ ಪ್ರೆಸ್‌ನಲ್ಲಿ ಒಂದೇ ಸಲಕ್ಕೆ ಐದು ಕೆಜಿ ಏರಿಸುವುದು ನನ್ನಂಥವನಿಗೆ ಆಗದ ಮಾತು. ಒಂದೂಕಾಲು ಕೆಜಿಯ ಎರಡು ಪ್ಲೇಟ್ ಕೊಂಡು ಟಿಫಿನ್ ಡಬ್ಬಿಯ ಪಕ್ಕ ಬ್ಯಾಗಿನಲ್ಲಿ ಇಟ್ಟುಕೊಂಡೆ. ನಾಲ್ಕು ವರ್ಷದಲ್ಲಿ ಕೊಂಡ ವಸ್ತುಗಳಲ್ಲಿ ಅತ್ಯಂತ ಲಾಭದ್ದು ಯಾವುದು ಎಂದು ಕೇಳಿದರೆ ಈ ಎರಡು ಕಬ್ಬಿಣದ ಬಿಲ್ಲೆ ಎನ್ನುತ್ತೇನೆ. ಖಾಲಿ ರಾಡ್‌ಗೆ ಹತ್ತತ್ತು ಕೆಜಿ ಹಾಕಿ 40ರಿಂದ ಶುರುವಾದ ಸ್ಕ್ವಾಟ್ ಆ ವರ್ಷದ ಕೊನೆಗೆ 80ಕ್ಕೆ ಬಂತು.

ಇನ್ನು ಪುಡಿಗಳು. ಮೊದಲು ವೇ.

ಹಾಲು ಒಡೆಸಿ ಚೀಸ್ ಮಾಡಿದಾಗ ಉಳಿಯುವ ನೀರನ್ನು ಸೋಸಿ ಒಣಗಿಸಿದರೆ ವೇ ಪ್ರೋಟೀನ್. ಇದನ್ನು ವಿವರಿಸಿದ ದಿನ ಅಮ್ಮ, “ಹಾಲೊಡೆದ ನೀರಿಗೆ ಎರಡೂವರೆ ಸಾವಿರಾನಾ? ನಾನು ಪನೀರ್ ಮಾಡಿ ಅದನ್ನ ಚಪಾತಿ ಹಿಟ್ಟಿಗೆ ಹಾಕ್ತೀನಲ್ಲೋ!” ಅಂದರು. ತಪ್ಪೇನಿಲ್ಲ. ಆದರೆ ಒಂದು ವಾರ ಕೂತು ನನ್ನ ಊಟದ ಲೆಕ್ಕ ಹಾಕಿದಾಗ ಬೇರೆಯದೇ ಕಂಡಿತು. ಬೆಳಿಗ್ಗೆ ಇಡ್ಲಿ ಸಾಂಬಾರ್, ಮಧ್ಯಾಹ್ನ ಮುದ್ದೆ, ಅನ್ನ, ಬಸ್ಸಾರು, ರಾತ್ರಿ ಚಪಾತಿ ಪಲ್ಯ, ನಡುವೆ ಹಾಲು ಮೊಸರು. ಎಲ್ಲ ಸೇರಿ 50 ಗ್ರಾಂ ಆಸುಪಾಸು ಪ್ರೋಟೀನ್. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವ ದಿನದ ಪ್ರಮಾಣ ತೂಕದ ಕೆಜಿಗೆ 0.83 ಗ್ರಾಂ, ಆ ಲೆಕ್ಕದಲ್ಲಿ 61 ಕೆಜಿಯವನಿಗೆ ಅದು ಸಾಕು. ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ ಅನೇಕ ಪರೀಕ್ಷೆಗಳನ್ನು ಒಟ್ಟಾಗಿ ನೋಡಿದ 2018ರ ವಿಶ್ಲೇಷಣೆಯೊಂದು ತೋರಿಸುವುದು ಕೆಜಿಗೆ 1.6 ಗ್ರಾಂ ಆಸುಪಾಸು. ಅಂದರೆ 98 ಗ್ರಾಂ. ಹತ್ತಿರ ಹತ್ತಿರ ಅರ್ಧ ಕೊರತೆ.

ಆ ಕೊರತೆಯನ್ನು ಹೀಗೆ ತುಂಬಿಸಿದೆ: 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 26 ಗ್ರಾಂ, ಒಂದು ಸ್ಕೂಪ್ ವೇಯಲ್ಲಿ 24 ಗ್ರಾಂ. ಸೋಯಾಗೆ ಹತ್ತು ಹನ್ನೆರಡು ರೂಪಾಯಿ, ವೇ ಸ್ಕೂಪಿಗೆ ಎಂಬತ್ತು ರೂಪಾಯಿ. ಹಾಗಾದರೆ ಎರಡು ಸಲ ಸೋಯಾನೇ ತಿನ್ನಬಹುದಲ್ಲ ಎಂದರೆ, ತಿಂದು ನೋಡಿ. ಮೂರನೇ ವಾರ ನನ್ನ ಹೊಟ್ಟೆಯೂ ಒಪ್ಪಲಿಲ್ಲ, ಮನೆಯವರೂ ಒಪ್ಪಲಿಲ್ಲ. ವೇಗೆ ಕೊಡುವ ದುಡ್ಡು ಸ್ನಾಯುವಿಗಲ್ಲ, ಪುರುಸೊತ್ತಿಗೆ. ನೀರಿಗೆ ಹಾಕಿ, ಅಲ್ಲಾಡಿಸಿ, ಕುಡಿದು ಆಫೀಸಿಗೆ ಓಡಬಹುದು.

ವೇಯಲ್ಲಿ ಕಾನ್ಸಂಟ್ರೇಟ್ ಬಗೆಯದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಉಳಿದಿರುತ್ತದೆ, ಕೆಲವರ ಹೊಟ್ಟೆಗೆ ಒಗ್ಗುವುದಿಲ್ಲ. ಆಫೀಸಿನ ಲಿಫ್ಟ್‌ನಲ್ಲಿ ಆದ ಮುಜುಗರವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಬಹುಪಾಲು ತೆಗೆದ ಐಸೊಲೇಟ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು, ಬೆಲೆ ಮಾತ್ರ ಇನ್ನಷ್ಟು. ಬಿಸಿ ಹಾಲಿಗೆ ಹಾಕಬೇಡಿ, ಗಂಟುಗಂಟಾಗುತ್ತದೆ. ಆರಿದ ರಾಗಿ ಅಂಬಲಿಗೆ ಕದಡಿದರೆ ಚೆನ್ನಾಗಿರುತ್ತದೆ, ಚಾಕಲೇಟ್ ಫ್ಲೇವರ್ ರಾಗಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಶೇಕರ್ ತೊಳೆಯದೆ ಸ್ಕೂಟರ್ ಡಿಕ್ಕಿಯಲ್ಲಿ ಮರೆತು ಬಿಟ್ಟರೆ ಮಾರನೇ ದಿನ ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಮೋಸವೂ ಹೋಗಿದ್ದೇನೆ. ಚೀಟಿಯಲ್ಲಿದ್ದ ಆ ಅಂಗಡಿಯಲ್ಲೇ ಕೊಂಡ ವಿದೇಶಿ ಡಬ್ಬದ ಮೇಲಿನ ಕೋಡ್ ಉಜ್ಜಿ ನೋಡಿದರೆ ಅದು ಆಗಲೇ ಬಳಕೆಯಾದ ಕೋಡ್ ಎಂದು ಬಂತು. ಅಂಗಡಿಯವನು ನೆಟ್‌ವರ್ಕ್ ಪ್ರಾಬ್ಲಂ ಎಂದ. ಪುಡಿ ನೀರಿನಲ್ಲಿ ಕರಗದೆ ತಳದಲ್ಲಿ ಹಿಟ್ಟಿನಂತೆ ಕೂರುತ್ತಿತ್ತು. ನಕಲಿ ಅಲ್ಲದಿದ್ದರೂ ಲೇಬಲ್ ನಂಬುವಂತಿಲ್ಲ. ಕೇರಳದ ವೈದ್ಯರ ತಂಡವೊಂದು ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದಾಗ ಸುಮಾರು 70 ಪರ್ಸೆಂಟ್ ಪುಡಿಗಳಲ್ಲಿ ಬರೆದ ಪ್ರೋಟೀನ್ ಬೇರೆ, ಇದ್ದದ್ದು ಬೇರೆ. ಅದೇ ವರ್ಷ ಐಸಿಎಂಆರ್‌ನ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಇಂಥ ಪುಡಿ ಬೇಡ ಎಂದಿತು. ನನಗೆ ಆ ಮಾತು ಮುಕ್ಕಾಲು ಪಾಲು ಒಪ್ಪಿಗೆ. ಮೊಟ್ಟೆ, ಕೋಳಿ, ಮೀನು ತಿನ್ನುವವರಾದರೆ ವೇ ಡಬ್ಬದ ಕಡೆ ನೋಡುವುದೇ ಬೇಡ. ಈಗ ನಾನು ಕಂಪನಿಯಿಂದ ನೇರ ತರಿಸುತ್ತೇನೆ, ಆ ಬ್ಯಾಚ್‌ನ ಲ್ಯಾಬ್ ವರದಿ ಹಾಕಿದ್ದರೆ ಮಾತ್ರ.

ಕ್ರಿಯೇಟಿನ್ ಕತೆ ಬೇರೆ. ಇದನ್ನು 2023ರ ಜನವರಿಯಲ್ಲಿ ಶುರು ಮಾಡಿದೆ, ಸ್ಕ್ವಾಟ್ ಆರು ವಾರದಿಂದ 80 ಕೆಜಿ, ಐದು ರೆಪ್‌ನಲ್ಲಿ ಕಚ್ಚಿಕೊಂಡು ನಿಂತಿದ್ದಾಗ. ಶೆವ್ರಲ್ ಎಂಬ ಫ್ರೆಂಚ್ ವಿಜ್ಞಾನಿ 1832ರಲ್ಲಿ ಇದನ್ನು ಮಾಂಸದಲ್ಲಿ ಕಂಡು, ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರಿಟ್ಟ. ಇದನ್ನು ಕೇಳಿ ಅಮ್ಮ ಡಬ್ಬವನ್ನು ದೇವರಮನೆಯ ಗೋಡೆಯಿಂದ ದೂರ ಸರಿಸಿದರು. ಆದರೆ ಡಬ್ಬದಲ್ಲಿ ಬರುವುದು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಿಸಿದ್ದು, ಮಾಂಸದ ಸುಳಿವೂ ಇಲ್ಲ. ಹಸಿರು ಚುಕ್ಕೆ ತೋರಿಸಿದ ಮೇಲೆ ವಾಪಸ್ ಬಂತು.

ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಎಂಬ ಕಣ ಮುಗಿಯುತ್ತಾ ಬಂದಾಗ ಅದನ್ನು ತಕ್ಷಣ ಮತ್ತೆ ಕಟ್ಟುವುದಕ್ಕೆ ಒದಗುವುದು ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯೇಟಿನ್. ಊಟದಲ್ಲಿ ಇದು ಸಿಗುವುದು ಮಾಂಸ, ಮೀನಿನಿಂದ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಸಾಮಾನ್ಯವಾಗಿ ಕಡಿಮೆ, ತುಂಬಿಸಲು ಜಾಗ ಹೆಚ್ಚು. ದಿನಕ್ಕೆ 20 ಗ್ರಾಂನಂತೆ ಐದಾರು ದಿನ ತಿನ್ನುವ ‘ಲೋಡಿಂಗ್’ ನಾನು ಮಾಡಲಿಲ್ಲ. ದಿನಾ 3 ಗ್ರಾಂ ತೆಗೆದುಕೊಂಡರೂ ನಾಲ್ಕು ವಾರಕ್ಕೆ ಅದೇ ಮಟ್ಟ ಮುಟ್ಟುತ್ತದೆ. ಮೂರು ವಾರದಲ್ಲಿ ತೂಕ 1.4 ಕೆಜಿ ಏರಿತು. ಅದು ಸ್ನಾಯು ಹಿಡಿದಿಟ್ಟುಕೊಂಡ ನೀರು, ಹಿಗ್ಗಬೇಕಾಗಿಲ್ಲ. ಐದನೇ ವಾರದ ಪುಟದಲ್ಲಿ ಹೀಗಿದೆ: ಸ್ಕ್ವಾಟ್ 80, ರೆಪ್ 7. ಪಕ್ಕದಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ. ಖರ್ಚು? 250 ಗ್ರಾಂ ಡಬ್ಬ ಏಳುನೂರು ರೂಪಾಯಿಗೆ ಸಿಕ್ಕಿತ್ತು, ದಿನಕ್ಕೆ ಎಂಟೂವರೆ ರೂಪಾಯಿ. ರುಚಿ ಇಲ್ಲ, ಬೆಳಿಗ್ಗೆ ಮಜ್ಜಿಗೆಗೆ ಹಾಕಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕಲ್ಲುಪ್ಪಿನಂತೆ ಗಟ್ಟಿಯಾಗುತ್ತದೆ, ಕುಟ್ಟಿ ಬಳಸಿದರೆ ಏನೂ ಆಗಿಲ್ಲ. ವಸ್ತಾದ್‌ಗೆ ತೋರಿಸಿದಾಗ ಬೆರಳಿಗೆ ಹಚ್ಚಿಕೊಂಡು ನೋಡಿ, “ಸುಣ್ಣ ಇದ್ದಂಗೈತಲ್ಲಪ್ಪಾ, ಎಲೆ ಅಡಿಕೆ ಎಲ್ಲಿ?” ಎಂದರು.

ಇದರಿಂದ ಒಂದು ಪೇಚಾಟವೂ ಆಯಿತು. 2024ರ ಫೆಬ್ರುವರಿಯಲ್ಲಿ ಆಫೀಸಿನ ಆರೋಗ್ಯ ತಪಾಸಣೆಯಲ್ಲಿ, ಕಿಡ್ನಿ ಹೇಗಿದೆ ಎಂದು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.34 ಬಂತು, ಆ ಲ್ಯಾಬಿನ ಮಿತಿ 1.2. ಮನೆಯಲ್ಲಿ ಕಿಡ್ನಿ ಹೋಯಿತೆಂದೇ ರಂಪ. ಹೆಸರು ಒಂದೇ ಥರ ಕೇಳುತ್ತದೆ, ಕ್ರಿಯೇಟಿನ್ ಮೈಯಲ್ಲಿ ಒಡೆದಾಗ ಬರುವುದೇ ಕ್ರಿಯಾಟಿನಿನ್. ಆದ್ದರಿಂದ ಪುಡಿ ತಿನ್ನುವವರಲ್ಲಿ ಕಿಡ್ನಿ ಸರಿಯಿದ್ದರೂ ಈ ಅಂಕಿ ಸ್ವಲ್ಪ ಏರಬಹುದು. ಡಾಕ್ಟರು ಪುಡಿ ನಿಲ್ಲಿಸಲು ಹೇಳಿ, ಇದರ ಪ್ರಭಾವಕ್ಕೆ ಸಿಗದ ಸಿಸ್ಟಾಟಿನ್ ಸಿ ಎಂಬ ಕಿಡ್ನಿಯ ರಕ್ತಪರೀಕ್ಷೆ ಮತ್ತು ಮೂತ್ರದ ಪರೀಕ್ಷೆ ಬರೆದರು. ಎರಡೂ ನಾರ್ಮಲ್. ಆರು ವಾರದ ಮೇಲೆ ಕ್ರಿಯಾಟಿನಿನ್ 1.08. ಆ ಹೊತ್ತಿಗೆ ಸ್ಕ್ವಾಟ್‌ನ ಕೊನೆಯ ಎರಡು ರೆಪ್ ಕೂಡ ಹೋಗಿತ್ತು, ಪುಡಿ ಕೆಲಸ ಮಾಡುತ್ತಿತ್ತು ಎನ್ನಲು ಅದೇ ನನಗೆ ಸಿಕ್ಕ ಸಾಕ್ಷಿ. ಡಾಕ್ಟರ ಒಪ್ಪಿಗೆ ಪಡೆದು ಮತ್ತೆ ಶುರು ಮಾಡಿದೆ. ಮೊದಲೇ ಕಿಡ್ನಿ ತೊಂದರೆ, ಬಿಪಿ, ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ರಕ್ತಪರೀಕ್ಷೆಗೆ ಹೋದಾಗ ಇದನ್ನು ತಿನ್ನುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ.

ನನ್ನ ಅಂಕ: ಕ್ರಿಯೇಟಿನ್‌ಗೆ ಐದಕ್ಕೆ ನಾಲ್ಕೂವರೆ, ವೇಗೆ ಮೂರು, ಟ್ರೈನರ್‌ನ ಚೀಟಿಯಲ್ಲಿದ್ದದ್ದಕ್ಕೆಲ್ಲ ಸೊನ್ನೆ. ಸ್ಕ್ವಾಟ್ ಈಗ 110, ಡೆಡ್‌ಲಿಫ್ಟ್ 130. ಬೆಂಚ್ ಪ್ರೆಸ್ 75ರಲ್ಲಿ ವರ್ಷದಿಂದ ಕೂತಿದೆ, ಅದಕ್ಕೆ ಯಾವ ಪುಡಿಯೂ ಇಲ್ಲ. ಈ ತಿಂಗಳು ಕ್ರಿಯೇಟಿನ್ ಮಾತ್ರ ತರಿಸಿದ್ದೇನೆ. ವೇ ಇನ್ನೂ ಅರ್ಧ ಡಬ್ಬ ಇದೆ, ಅದರ ಸ್ಕೂಪ್ ಮಾತ್ರ ಕಾಣುತ್ತಿರಲಿಲ್ಲ. ನಿನ್ನೆ ಹುಡುಕಿದರೆ ಹುರಿಗಡಲೆ ಡಬ್ಬದಲ್ಲಿತ್ತು. “ಚಟ್ನಿಗೆ ಅಳತೆ ಸರಿ ಬರುತ್ತೆ ಕಣೋ, ನೀನು ಬೇರೆ ತಗೋ” ಅಂದರು ಅಮ್ಮ.