ಆಸ್ಟ್ರೇಲಿಯಾ ಪ್ರಾಣಿಗಳ ಡಬ್ಬಿ: ನಮ್ಮ ತರಗತಿಯಲ್ಲಿ ಎರಡು ವಾರ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಪಾಠ ಮಾಡುತ್ತೇನೆ. ಎರಡೂ ಸೇರಿ 23 ಮಕ್ಕಳು. ಕಳೆದ ತಿಂಗಳು ಚಿತ್ರದುರ್ಗಕ್ಕೆ ಹೋದಾಗ ಗಾಂಧಿ ವೃತ್ತದ ಹತ್ತಿರ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಡಬ್ಬಿ ಕಣ್ಣಿಗೆ ಬಿತ್ತು. ಆಸ್ಟ್ರೇಲಿಯಾದ ಹನ್ನೆರಡು ಪ್ಲಾಸ್ಟಿಕ್ ಪ್ರಾಣಿಗಳು, ಮಡಚುವ ನಕ್ಷೆ, ಪ್ರಾಣಿಗೊಂದು ಕಾರ್ಡು. ಬೆಲೆ 540 ರೂಪಾಯಿ. ಕೈಯಿಂದ ಹಾಕುವ ದುಡ್ಡು, ಹಾಗಾಗಿ ಎರಡು ಸಲ ಕೆಳಗಿಟ್ಟು ಮೂರನೇ ಸಲ ತೆಗೆದುಕೊಂಡೆ. ಕೊಳ್ಳಬೇಕು ಅಂದುಕೊಂಡಿರುವ ಬೇರೆ ಮೇಷ್ಟ್ರು, ಮೇಡಂಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಕಾಂಗರೂ. ಹೊಟ್ಟೆಯ ಚೀಲದಿಂದ ಮರಿಯನ್ನು ಹೊರಗೆ ತೆಗೆಯಬಹುದು, ಮತ್ತೆ ಒಳಗೆ ಕೂರಿಸಬಹುದು. ಮರಿ ನನ್ನ ಹೆಬ್ಬೆರಳಿನಷ್ಟು ಇದೆ. ನಿಜವಾಗಿ ಹುಟ್ಟುವಾಗ ಅದು ಎರಡು ಸೆಂಟಿಮೀಟರ್ ಅಷ್ಟೇ, ತೂಕ ಒಂದು ಗ್ರಾಂ ಕೂಡ ಇರುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ಏನು ಹತ್ತುತ್ತದೆ? ಮರುದಿನ ಮನೆಯಿಂದ ಶೇಂಗಾ ತಂದು ಒಬ್ಬೊಬ್ಬರ ಅಂಗೈಗೆ ಒಂದೊಂದು ಕಾಳು ಇಟ್ಟೆ. ಹೆಚ್ಚುಕಡಿಮೆ ಇಷ್ಟೇ ಮರಿ, ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಕೂದಲಿಲ್ಲ, ಆದರೂ ಮುಂಗಾಲಲ್ಲಿ ತಾಯಿಯ ತುಪ್ಪಳ ಹಿಡಿದುಕೊಂಡು ತಾನೇ ಚೀಲದವರೆಗೆ ಹತ್ತಿ ಹೋಗುತ್ತದೆ ಅಂದೆ. ಶೇಂಗಾ ಕೈಗೆ ಸಿಕ್ಕರೆ ಬಾಯಿಗೆ ಹೋಗುವ ಊರು ನಮ್ಮದು. ಅವತ್ತು ಒಬ್ಬರೂ ತಿನ್ನಲಿಲ್ಲ. ಒಬ್ಬ ಹುಡುಗಿ ಕಾಳನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಮೆಲ್ಲಗೆ ಉರುಳಿಸುತ್ತಾ, "ಬಿದ್ರೆ ಯಾರು ಎತ್ತಿಕೊಳ್ತಾರೆ ಮಿಸ್?" ಅಂದಳು.

ಗೊಂಬೆಯ ಚೀಲ ಮಾತ್ರ ತೀರಾ ಆಳ ಕಡಿಮೆ. ಸ್ವಲ್ಪ ಬಗ್ಗಿಸಿದರೆ ಮರಿ ಉದುರುತ್ತದೆ. ಮೂರನೇ ದಿನಕ್ಕೆ ಕಳೆದೇ ಹೋಯಿತು. ಸೋಮವಾರ ಅದೇ ಹುಡುಗಿ ವಾಪಸ್ ತಂದಳು. ಅಜ್ಜಿಗೆ ತೋರಿಸಲು ಮನೆಗೆ ಒಯ್ದಿದ್ದಳಂತೆ. ಮರಿಯ ಜೊತೆ ಅಜ್ಜಿ ತಮ್ಮ ಹಳೇ ಎಲೆಅಡಿಕೆ ಸಂಚಿಯನ್ನೂ ಕೊಟ್ಟು ಕಳಿಸಿದ್ದರು. ಈಗ ಮರಿ ಅದರೊಳಗೇ ಇರುತ್ತದೆ. ಸುಣ್ಣದ ಕಲೆ ಇನ್ನೂ ಇದೆ. ನಮ್ಮ ತರಗತಿಯಲ್ಲಿ ಕಾಂಗರೂ ಚೀಲಕ್ಕೆ 'ಸಂಚಿ' ಅನ್ನುವ ಹೆಸರೇ ಗಟ್ಟಿಯಾಗಿದೆ. ಕೋಲಾಗೂ ಸಂಚಿ ಇದೆ, ವೊಂಬ್ಯಾಟ್‌ಗೂ ಸಂಚಿ ಇದೆ ಅಂತ ಮಕ್ಕಳೇ ಬೇರೆ ಮಾಡಿ ಇಡುತ್ತಾರೆ.

ಕೋಲಾ ಗೊಂಬೆಯೂ ಪರವಾಗಿಲ್ಲ. ಮರ ತಬ್ಬಿದ ಹಾಗೆ ಕೂತಿದೆ, ಬಣ್ಣ ಸರಿಯಾಗಿದೆ. ಅದು ತಿನ್ನುವುದು ನೀಲಗಿರಿ ಎಲೆ. ಆ ಮರ ಮೂಲತಃ ಅಲ್ಲಿಯದೇ. ನಮ್ಮೂರ ರಸ್ತೆ ಬದಿಯಲ್ಲಿ ಸಾಲಾಗಿ ಇದೆ, ಆದರೆ ಹೊರಗಿನಿಂದ ಬಂದದ್ದು ಅಂತ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಎಲೆ ತರಿಸಿ ಉಜ್ಜಿ ಮೂಸಿದೆವು. ಕುರಿ ಕಾಯುವ ಮನೆಯ ಹುಡುಗ ತಕ್ಷಣ ಅಂದ: "ಇದನ್ನ ನಮ್ಮ ಮೇಕೆನೂ ತಿನ್ನಲ್ಲ ಮಿಸ್!" ಇಡೀ ಪಾಠ ಆ ಒಂದು ಮಾತಿನಲ್ಲಿತ್ತು. ಬೇರೆ ಪ್ರಾಣಿಗಳಿಗೆ ವಿಷದಂತಿರುವ ಎಲೆಯನ್ನು ಕೋಲಾದ ಪಿತ್ತಜನಕಾಂಗ ಅರಗಿಸಿಕೊಳ್ಳುತ್ತದೆ. ಆದರೆ ಆ ಎಲೆಯಲ್ಲಿ ಕಸುವು ಕಡಿಮೆ. ಅದಕ್ಕೇ ಅದು ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡುತ್ತದೆ. ಸೋಮಾರಿ ಅಲ್ಲ, ಇರುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ.

ಪ್ಲಾಟಿಪಸ್ ನೋಡಿದಾಗ, "ಕಂಪನಿಯವರು ತಪ್ಪಾಗಿ ಬಾತುಕೋಳಿ ಕೊಕ್ಕು ಅಂಟಿಸಿದ್ದಾರೆ" ಅಂತ ಇಬ್ಬರು ಮೂವರು ಒಟ್ಟಿಗೆ ಹೇಳಿದರು. ನನಗೆ ಬಹಳ ಖುಷಿಯಾಯಿತು. 1799ರಲ್ಲಿ ಇಂಗ್ಲೆಂಡಿನಲ್ಲಿ ಇದರ ಬಗ್ಗೆ ಮೊದಲು ಬರೆದ ಜಾರ್ಜ್ ಶಾ ಎನ್ನುವ ಪ್ರಾಣಿಶಾಸ್ತ್ರಜ್ಞರಿಗೂ, ಯಾರೋ ಎರಡು ಪ್ರಾಣಿ ಸೇರಿಸಿ ಹೊಲಿದಿದ್ದಾರೇನೋ ಅನ್ನುವ ಇದೇ ಅನುಮಾನ ಬಂದಿತ್ತು. ಮೊಟ್ಟೆಯೂ ಇಡುತ್ತದೆ, ಮರಿಗೆ ಹಾಲೂ ಕೊಡುತ್ತದೆ ಅಂದಾಗ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಈಗ ದೂರುಗಳು. ಮೊದಲನೆಯದು, ಹನ್ನೆರಡರಲ್ಲಿ ಒಂದು ಕಿವಿ ಹಕ್ಕಿ. ಅದು ನ್ಯೂಜಿಲೆಂಡಿನದು, ಆಸ್ಟ್ರೇಲಿಯಾದ್ದಲ್ಲ. ಮಕ್ಕಳ ಕೈಗೆ ಕೊಡುವ ವಸ್ತುವಿನಲ್ಲಿ ಇಂಥ ತಪ್ಪು ಆಗಬಾರದು. ನಾನು ಅದನ್ನು ನಕ್ಷೆಯ ಹೊರಗೆ ಬಲಗಡೆ ಬೇರೆ ಇಟ್ಟಿದ್ದೇನೆ. ಎರಡನೆಯದು ಅಳತೆ. ಕೋಲಾ, ಕಾಂಗರೂ, ಎಮು ಮೂರೂ ಒಂದೇ ಎತ್ತರ! ಹಾಗಾಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಎತ್ತರ ಗುರುತು ಹಾಕಿದೆವು. ಕೋಲಾ ಮಕ್ಕಳ ಸೊಂಟದ ಹತ್ತಿರ ನಿಂತಿತು, ಕೆಂಪು ಕಾಂಗರೂ ಗಂಡು ನನಗಿಂತ ಎತ್ತರ. ಉಪ್ಪುನೀರಿನ ಮೊಸಳೆ ಆರು ಮೀಟರ್‌ವರೆಗೂ ಬೆಳೆಯುತ್ತದೆ, ಅಂದರೆ ಸುಮಾರು 20 ಅಡಿ. ನಮ್ಮ ಕೋಣೆಯ ಉದ್ದವೂ ಅಷ್ಟೇ. ಬಾಗಿಲಿಂದ ಕಪ್ಪು ಹಲಗೆವರೆಗೆ ಮಕ್ಕಳನ್ನು ಸಾಲಾಗಿ ಮಲಗಿಸಿ ತೋರಿಸಿದೆ. ಡಬ್ಬಿಯಲ್ಲಿರುವ ಮೊಸಳೆ ಹಲ್ಲಿಯಷ್ಟಿದೆ.

ಕಾರ್ಡುಗಳು ಪೂರ್ತಿ ಇಂಗ್ಲಿಷಿನಲ್ಲಿವೆ. ಹಿಂದೆ ಬಿಳಿ ಹಾಳೆ ಅಂಟಿಸಿ ಕನ್ನಡದಲ್ಲಿ ಬರೆದೆ, ಒಂದು ಭಾನುವಾರ ಪೂರ್ತಿ ಹಿಡಿಯಿತು. ನಕ್ಷೆಯ ಕಾಗದ ತೆಳು, ಮಡಿಕೆಯಲ್ಲಿ ಬೇಗ ಹರಿಯುತ್ತದೆ. ತಂದ ದಿನವೇ ಹಿಂದೆ ಹಳೇ ಪಂಚೆ ಬಟ್ಟೆಯನ್ನು ಮೈದಾ ಅಂಟಿನಲ್ಲಿ ಅಂಟಿಸಿಬಿಡಿ.

ಆದರೂ ಆ ನಕ್ಷೆ ಬೇಕೇ ಬೇಕು. ನಮ್ಮ ದೇಶಕ್ಕಿಂತ ಎರಡು ಪಟ್ಟಿಗೂ ದೊಡ್ಡ ದೇಶ, ಜನ ಮಾತ್ರ ಸುಮಾರು 2.7 ಕೋಟಿ. 2011ರ ಜನಗಣತಿಯಲ್ಲೇ ನಮ್ಮ ಕರ್ನಾಟಕ 6.11 ಕೋಟಿ ಇತ್ತು. ಅಲ್ಲಿ ಜನರಿಗಿಂತ ಕುರಿಗಳೇ ಜಾಸ್ತಿ ಅಂದಾಗ ಕಂಬಳಿ ನೇಯುವ ಮನೆಯ ಮಕ್ಕಳ ಮುಖ ನೋಡಬೇಕಿತ್ತು. ಡಿಂಗೊ ಎನ್ನುವ ಕಾಡುನಾಯಿಯಿಂದ ಕುರಿಗಳನ್ನು ಕಾಪಾಡಲು ಅಲ್ಲಿ ಸುಮಾರು 5,600 ಕಿಲೋಮೀಟರ್ ಉದ್ದದ ಬೇಲಿ ಇದೆ. ನಕ್ಷೆಯಲ್ಲಿ ಅದಕ್ಕೆ ಕೆಂಪು ಗೆರೆ ಹಾಕಿದ್ದಾರೆ. ಮೇಕೆಯ ಮಾತು ಹೇಳಿದ ಹುಡುಗನೇ ಎದ್ದು ನಿಂತ: "ನಮ್ಮಪ್ಪ ರೊಪ್ಪಕ್ಕೆ ಬೇಲಿ ಹಾಕೋಕೆ ಗೂಟ ಸಿಗಲ್ಲ ಅಂತಾನೆ. ಅವ್ರು ಅಷ್ಟುದ್ದಕ್ಕೆ ಗೂಟ ಎಲ್ಲಿಂದ ತಂದ್ರು ಮಿಸ್?" ನಾನು ಆ ಬೇಲಿಯ ಬಗ್ಗೆ ಎಷ್ಟೋ ಸಲ ಓದಿದ್ದೆ, ಗೂಟದ ಬಗ್ಗೆ ಯೋಚಿಸಿರಲೇ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಾಲ್ಕನೇ ತರಗತಿಯ ಮೇಲಿನವರಿಗೆ ತೆಗೆದುಕೊಳ್ಳಿ. ನಲಿ-ಕಲಿಯ ಸಣ್ಣ ಮಕ್ಕಳಿಗೆ ಬೇಡ, ಮರಿ ಕಾಂಗರೂ ಬಾಯಿಗೆ ಹೋಗುವಷ್ಟು ಚಿಕ್ಕದು. ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ಎಣಿಸಿಕೊಳ್ಳಿ. ನನಗೆ ಎಮುವಿನ ಕಾಲು ಮುರಿದದ್ದು ಬಂದಿತ್ತು, ಅಂಗಡಿಯವರು ಮಾತಾಡದೆ ಬದಲಿಸಿ ಕೊಟ್ಟರು.

ನಮ್ಮ ಜಿಲ್ಲೆಯ ಪ್ರಾಣಿಗಳ ಡಬ್ಬಿ ಇದೆಯಾ ಅಂತಲೂ ಅವರನ್ನು ಕೇಳಿದೆ. ಅಂಥದ್ದು ಬರುವುದೇ ಇಲ್ಲ ಅಂದರು. ಜೋಗಿಮಟ್ಟಿಯ ಕರಡಿ, ಚಿರತೆ, ಪಕ್ಕದ ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಇವೆಲ್ಲ ಕೈಗೆ ಸಿಗುವಂತಿದ್ದರೆ ಎಷ್ಟು ಚೆನ್ನ! ಈ ಶನಿವಾರದಿಂದ ಕೆರೆ ಮಣ್ಣಲ್ಲಿ ನಾವೇ ಮಾಡಲು ಶುರು ಮಾಡಿದ್ದೇವೆ. ಕೊಂಡುಕುರಿಗೆ ನಾಲ್ಕು ಕೊಂಬು ಬೇಕಲ್ವಾ, ಅದಕ್ಕೆ ಜಾಲಿ ಮುಳ್ಳು ಚುಚ್ಚಿದ್ದಾರೆ. ಕರಡಿ ಇನ್ನೂ ಕಿಟಕಿಯಲ್ಲಿ ಒಣಗುತ್ತಿದೆ.